ವೃದ್ಧಾಶ್ರಮಗಳಲ್ಲಿ ಸಾವನ್ನು ಬಚ್ಚಿಡುವುದು ಬೇಡ

ಮಾನ್ಯ ಸಂಪಾದಕರೇ,

ವೃದ್ಧಾಶ್ರಮಗಳ ಊಟ, ವಸತಿ, ಸ್ವಚ್ಛತೆ ಮತ್ತು ಶುಲ್ಕದ ಕುರಿತು ಪತ್ರಿಕೆಗಳಲ್ಲಿ ಆಗಾಗ ಚರ್ಚೆ ನಡೆಯುತ್ತಿರುತ್ತದೆ. ಅಲ್ಲಿ ಸಂಭವಿಸುವ ಸಾವಿನ ಕುರಿತು ಬರೆಯುವವರು ಮಾತ್ರ ಅಪರೂಪ. ಅಲ್ಲಿಗೆ ಬಂದು ನೆಲೆಸುವ ಅನೇಕರಿಗೆ ಅದೇ ಕೊನೆಯ ಮನೆ ಎಂಬುದು ಸೇರಿಸಿಕೊಳ್ಳುವವರಿಗೂ ಗೊತ್ತು, ತಂದು ಬಿಡುವವರಿಗೂ ಗೊತ್ತು, ಸೇರುವವರಿಗಂತೂ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಆ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ. ಹಲವು ವರ್ಷ ಇಂಥ ಆಶ್ರಮಗಳಲ್ಲಿ ಶುಶ್ರೂಷಕಿಯಾಗಿ ದುಡಿದ ನನಗೆ, ಕೊನೆಗಾಲದ ಆರೈಕೆಯಲ್ಲಿ ಆಗುವ ಲೋಪಗಳಿಗೂ ಅಗಲಿಕೆಯ ನಂತರ ಉಳಿದವರು ಒಬ್ಬರೇ ನುಂಗಿಕೊಳ್ಳುವ ದುಃಖಕ್ಕೂ ಈ ಬಚ್ಚಿಡುವಿಕೆಯೇ ಮುಖ್ಯ ಕಾರಣವೆಂದು ಮನವರಿಕೆಯಾಗಿದೆ.

ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಶ್ರಮವೊಂದರಲ್ಲಿ ಇಬ್ಬರು ವೃದ್ಧೆಯರು ನಾಲ್ಕು ವರ್ಷ ಒಂದೇ ಕೋಣೆಯಲ್ಲಿದ್ದರು. ಒಬ್ಬರಿಗೆ ಕಣ್ಣು ಮಂಜು, ಇನ್ನೊಬ್ಬರಿಗೆ ಕಿವಿ ಮಂದ. ಕಿವಿ ಮಂದವಾಗಿದ್ದವರು ಕನ್ನಡಕ ಏರಿಸಿಕೊಂಡು ದಿನಪತ್ರಿಕೆಯನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣು ಮಂಜಾದವರು ಬಾಗಿಲು ತಟ್ಟಿದ ಸದ್ದಾದರೆ ಗೆಳತಿಯ ತೋಳು ಮುಟ್ಟಿ ತಿಳಿಸುತ್ತಿದ್ದರು. ಓದುತ್ತಿದ್ದವರ ಸ್ಥಿತಿ ಬಿಗಡಾಯಿಸಿದ ಒಂದು ಸಂಜೆ ಅವರನ್ನು ಮೂಲೆಯ ಕೋಣೆಗೆ ಸಾಗಿಸಿದೆವು. ನಸುಕಿನಲ್ಲಿ ಅವರು ತೀರಿಕೊಂಡರು. ಬೆಳಕು ಹರಿಯುವ ಮೊದಲೇ, ಉಳಿದ ಕೋಣೆಗಳ ಬಾಗಿಲುಗಳನ್ನೆಲ್ಲ ಮುಚ್ಚಿ, ದೇಹವನ್ನು ಹಿಂಬಾಗಿಲಿನಿಂದ ಕಳುಹಿಸಲಾಯಿತು. ಬೆಳಿಗ್ಗೆ ಗೆಳತಿ ವಿಚಾರಿಸಿದಾಗ ಆಸ್ಪತ್ರೆಗೆ ಸೇರಿಸಿದ್ದಾರೆಂದು ಹೇಳಬೇಕೆಂಬುದು ಮೇಲಿನವರ ಸೂಚನೆ. ನಾನೂ ಹಾಗೆಯೇ ಹೇಳಿದೆ. ಮುಂದಿನ ಹನ್ನೊಂದು ದಿನ ಆ ತಾಯಿ ಗೆಳತಿಯ ಕನ್ನಡಕವನ್ನು ಬಟ್ಟೆಯ ಅಂಚಿನಿಂದ ಒರೆಸಿ, ಮಡಚಿ, ದಿಂಬಿನ ಪಕ್ಕದಲ್ಲಿ ಇಡುತ್ತಿದ್ದರು. "ಸಿಸ್ಟರ್, ಅವಳು ವಾಪಸ್ ಬಂದಾಗ ಹುಡುಕಾಡಬಾರದು ನೋಡಿ" ಎನ್ನುತ್ತಿದ್ದರು. ಹನ್ನೆರಡನೆಯ ದಿನ ಆ ಹಾಸಿಗೆಗೆ ಬೇರೊಬ್ಬರು ಬಂದಾಗ ಕನ್ನಡಕವನ್ನು ನನ್ನ ಕೈಗಿತ್ತು, "ಅವಳು ಹೋಗಿದ್ದಾಳೆ ಅಂತ ನನಗೆ ಮೊದಲೇ ಗೊತ್ತಿತ್ತು, ನೀವು ಹೇಳಲಿ ಅಂತ ಕಾಯ್ತಾ ಇದ್ದೆ" ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಇತರರು ಎದೆಗುಂದಬಾರದು ಎಂಬ ಕಾಳಜಿಯಿಂದಲೇ ಹೀಗೆ ಮಾಡುತ್ತಾರೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಶ್ರಮದಲ್ಲಿರುವ ಹಿರಿಯರು ಗಂಡನನ್ನೋ ಹೆಂಡತಿಯನ್ನೋ ಒಡಹುಟ್ಟಿದವರನ್ನೋ, ಕೆಲವೊಮ್ಮೆ ಹೆತ್ತ ಮಕ್ಕಳನ್ನೋ ಕಳೆದುಕೊಂಡು ಬಂದವರು. ಸಾವಿನ ಪರಿಚಯ ಅವರಿಗಿರುವಷ್ಟು ನಮಗಿಲ್ಲ. ಪಕ್ಕದ ಹಾಸಿಗೆಯವರು ಹೇಳದೆ ಕೇಳದೆ ಮಾಯವಾಗುವುದನ್ನು ನೋಡಿದವರು, ನಾಳೆ ತಮ್ಮನ್ನೂ ಹೀಗೆಯೇ ಹಿಂಬಾಗಿಲಿನಿಂದ ಕಳುಹಿಸುತ್ತಾರೆ, ತಮ್ಮ ಹೆಸರನ್ನೂ ಯಾರೂ ಎತ್ತುವುದಿಲ್ಲ ಎಂದು ಲೆಕ್ಕ ಹಾಕುತ್ತಾರೆ. ಅವರನ್ನು ಎದೆಗುಂದಿಸುವುದು ಆ ಲೆಕ್ಕಾಚಾರ.

ಮಾತು ಮುಚ್ಚಿದಲ್ಲಿ ಸಿದ್ಧತೆಯೂ ಇರುವುದಿಲ್ಲ. ಕೊನೆಯ ದಿನಗಳನ್ನು ಎಲ್ಲಿ ಕಳೆಯಲು ಇಷ್ಟ, ಯಾರು ಬಳಿಯಲ್ಲಿರಬೇಕು, ಯಾವ ಚಿಕಿತ್ಸೆ ಬೇಕು ಯಾವುದು ಬೇಡ, ತಮಗೆ ಮಾತು ನಿಂತಾಗ ತಮ್ಮ ಪರವಾಗಿ ಯಾರು ನಿರ್ಧರಿಸಬೇಕು ಎಂಬುದನ್ನು ನೆಮ್ಮದಿಯ ದಿನಗಳಲ್ಲಿ ಕೇಳದೆ ಬಿಟ್ಟರೆ, ಉಸಿರು ಏರುಪೇರಾದ ನಡುರಾತ್ರಿ ಗಾಬರಿಬಿದ್ದ ಸಿಬ್ಬಂದಿ ಆಂಬುಲೆನ್ಸ್ ಕರೆಯುವುದೊಂದನ್ನೇ ಮಾಡಬಲ್ಲರು. ಗುಣವಾಗುವ ಕಾಯಿಲೆಗೆ ಆಸ್ಪತ್ರೆ ಬೇಕೇ ಬೇಕು. ಆದರೆ ದೇಹ ತಾನಾಗಿ ಮುಗಿಯುತ್ತಿರುವಾಗ, ಪರಿಚಯದ ಹಾಸಿಗೆಯಿಂದ ಎಬ್ಬಿಸಿ ಅಪರಿಚಿತ ದೀಪಗಳ ಕೆಳಗೆ ಮಲಗಿಸುವುದರಿಂದ ಅನೇಕರಿಗೆ ಸಿಗುವುದು ಬಳಲಿಕೆ ಮಾತ್ರ.

ಲಂಡನ್ನಿನಲ್ಲಿ 1967ರಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ಎಂಬ ಕೊನೆಗಾಲದ ಆರೈಕೆಯ ಕೇಂದ್ರವನ್ನು ಆರಂಭಿಸಿದ ಸಿಸಿಲಿ ಸಾಂಡರ್ಸ್ ಮೊದಲು ದಾದಿಯಾಗಿ, ಆಮೇಲೆ ಸಮಾಜ ಕಾರ್ಯಕರ್ತೆಯಾಗಿ, ಕೊನೆಗೆ ವೈದ್ಯೆಯಾಗಿ ಸಾಯುತ್ತಿರುವವರ ಪಕ್ಕದಲ್ಲಿ ಕುಳಿತವರು. ದೇಹದ ನೋವು, ಮನಸ್ಸಿನ ನೋವು, ಸಂಬಂಧಗಳ ನೋವು, ಬದುಕಿನ ಅರ್ಥದ ಬಗೆಗಿನ ತಳಮಳ ಇವು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ ಎಂದು ಅವರು ತೋರಿಸಿಕೊಟ್ಟರು. ಗಂಭೀರ ಕಾಯಿಲೆಯವರ ನೋವು ಸಂಕಟಗಳನ್ನು ತಗ್ಗಿಸುವ ಇಂದಿನ ಉಪಶಾಮಕ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಬೆಳೆದದ್ದು ಆ ತಿಳಿವಳಿಕೆಯಿಂದ. ಅದನ್ನು ಎಲ್ಲ ಆರೋಗ್ಯ ವ್ಯವಸ್ಥೆಗಳ ಭಾಗವಾಗಿಸಬೇಕೆಂದು ವಿಶ್ವ ಆರೋಗ್ಯ ಸಭೆ 2014ರಲ್ಲಿ ನಿರ್ಣಯ ಅಂಗೀಕರಿಸಿದೆ. ಆದರೂ ಅಗತ್ಯವಿರುವವರಲ್ಲಿ ಅದು ಸಿಗುತ್ತಿರುವುದು ಸುಮಾರು ಶೇ 14ರಷ್ಟು ಮಂದಿಗೆ ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ಹೇಳುತ್ತದೆ.

ಆಶ್ರಮದ ಮಟ್ಟದಲ್ಲಿ ಇದಕ್ಕೆ ಭಾರಿ ಯಂತ್ರಗಳೇನೂ ಬೇಕಿಲ್ಲ, ತಿಳಿವಳಿಕೆ ಬೇಕು. ಕೊನೆಯ ದಿನಗಳಲ್ಲಿ ಹಸಿವು ಬಾಯಾರಿಕೆಗಳು ಕುಗ್ಗುವುದು ಸಹಜ. ಆಗ ಒತ್ತಾಯದಿಂದ ಉಣಿಸಿದರೆ ಆಹಾರ ಶ್ವಾಸನಾಳಕ್ಕೆ ಇಳಿಯುವ ಅಪಾಯವಿದೆ. ಒಣಗಿದ ತುಟಿ ನಾಲಿಗೆಗಳನ್ನು ಒದ್ದೆ ಬಟ್ಟೆಯಿಂದ ಮತ್ತೆ ಮತ್ತೆ ತೇವಗೊಳಿಸುತ್ತಿದ್ದರೆ ಆ ಮುಖ ಸಡಿಲಗೊಳ್ಳುವುದನ್ನು ನಾನು ಎಷ್ಟೋ ರಾತ್ರಿ ಕಂಡಿದ್ದೇನೆ. ಗಂಟಲಲ್ಲಿ ದ್ರವ ನಿಂತು ಗೊರಗೊರ ಸದ್ದು ಬರುವುದು ನೋಡುವವರಿಗೆ ಭಯ ಹುಟ್ಟಿಸುತ್ತದೆ, ಆದರೆ ಅರಿವು ಮಸುಕಾದ ರೋಗಿಗೆ ಅದರಿಂದ ಸಾಮಾನ್ಯವಾಗಿ ಸಂಕಟವಿರುವುದಿಲ್ಲ. ನಿಧಾನವಾಗಿ ಮಗ್ಗುಲು ಬದಲಿಸಿದರೆ ಸದ್ದು ಎಷ್ಟೋ ಕಡಿಮೆಯಾಗುತ್ತದೆ. ಮರೆವಿನ ಕಾಯಿಲೆ ಬಲಿತು ಮಾತು ಕಳೆದುಕೊಂಡವರಿಗೆ ನೋವಿದೆಯೆಂದು ಹೇಳಲಾಗುವುದಿಲ್ಲ ಎಂಬ ಕಾರಣಕ್ಕೆ ನೋವೇ ಇಲ್ಲವೆಂದು ಭಾವಿಸುವುದು ನಾನು ಕಂಡ ಅತಿ ದೊಡ್ಡ ತಪ್ಪು. ಅವರ ಉಸಿರಾಟ, ನರಳಿಕೆ, ಮುಖಭಾವ, ಮೈಯ ಬಿಗಿತ, ಸಂತೈಸಿದಾಗ ಸಮಾಧಾನವಾಗುತ್ತದೆಯೇ ಎಂಬ ಐದು ಅಂಶಗಳನ್ನು ಗಮನಿಸಿ ನೋವನ್ನು ಅಳೆಯುವ ಪೈನಾಡ್ ಎಂಬ ಸರಳ ಕ್ರಮ 2003ರಿಂದಲೇ ಬಳಕೆಯಲ್ಲಿದೆ; ಸಹಾಯಕಿಯರಿಗೂ ಅದನ್ನು ಕಲಿಸಬಹುದು. ವೈದ್ಯರ ಸಲಹೆಯಂತೆ ಸರಿಯಾದ ಪ್ರಮಾಣದಲ್ಲಿ ಕೊಡುವ ಮಾರ್ಫಿನ್ ನೋವನ್ನೂ ಏದುಸಿರನ್ನೂ ತಗ್ಗಿಸುತ್ತದೆಯೇ ಹೊರತು ಸಾವನ್ನು ಹತ್ತಿರಕ್ಕೆ ಎಳೆಯುವುದಿಲ್ಲ. ಆ ಭಯಕ್ಕೆ ಸಿಕ್ಕಿ ಅದನ್ನು ತಡೆಹಿಡಿದಾಗ ನರಳುವವರು ರೋಗಿಗಳು.

ಇನ್ನೊಂದು ಸಂಗತಿಯನ್ನು ಮನೆಯವರು ತಿಳಿದಿರಬೇಕು. ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಾವಿಗೆ ಕೆಲವೇ ಗಂಟೆಗಳಿರುವಾಗಲೂ, ಪ್ರತಿಕ್ರಿಯೆ ನಿಂತುಹೋಗಿದ್ದ ಕೆಲವರ ಮೆದುಳು ಸದ್ದುಗಳಿಗೆ ಸ್ಪಂದಿಸುತ್ತಿದ್ದುದು ಕಂಡುಬಂದಿದೆ. ಅವರಿಗೆ ಮಾತು ಅರ್ಥವಾಗುತ್ತಿತ್ತೆಂದು ಅದರಿಂದ ಹೇಳಲಾಗದು, ಆದರೆ ಹಾಸಿಗೆಯ ಪಕ್ಕದಲ್ಲಿ ನಿಂತು ಆಸ್ತಿಯ ವಿಚಾರ ಮಾತನಾಡಬಾರದು ಎನ್ನಲು, ಕೈ ಹಿಡಿದು ಅವರ ಹೆಸರು ಕರೆದು ಮಾತನಾಡಿ ಎನ್ನಲು ನನಗೆ ಅಷ್ಟು ಸಾಕು.

ಸಾವಿನ ನಂತರ ಸಾಂತ್ವನವೆಲ್ಲ ರಕ್ತಸಂಬಂಧಿಗಳ ಪಾಲಿಗೆ ಹೋಗುತ್ತದೆ. ನಾಲ್ಕು ವರ್ಷ ಜೊತೆಗಿದ್ದ ಗೆಳತಿಗೆ ಅಳುವ ಹಕ್ಕೂ ಇಲ್ಲವೆಂಬಂತೆ ನಡೆದುಕೊಳ್ಳುತ್ತೇವೆ. ಅಮೆರಿಕದ ವಿದ್ವಾಂಸ ಕೆನೆತ್ ಡೋಕಾ 1989ರಲ್ಲೇ ಇಂಥ ಮನ್ನಣೆಯಿಲ್ಲದ ದುಃಖದ ಬಗ್ಗೆ ಬರೆದು, ಸಮಾಜ ಒಪ್ಪಿಕೊಳ್ಳದ ಶೋಕ ಇನ್ನಷ್ಟು ಭಾರವಾಗುತ್ತದೆ ಎಂದು ಗುರುತಿಸಿದ್ದರು. ಸಹಾಯಕಿಯರ ಪಾಡೂ ಅದೇ. ತಿಂಗಳುಗಟ್ಟಲೆ ಸ್ನಾನ ಮಾಡಿಸಿ, ತಲೆ ಬಾಚಿ, ಗುಟ್ಟಿನ ಮಾತುಗಳನ್ನೂ ಕೇಳಿಸಿಕೊಂಡ ಹುಡುಗಿ ಹಾಸಿಗೆಯ ಹೊದಿಕೆ ಬದಲಿಸಿ ಮುಂದಿನ ಕೋಣೆಗೆ ಓಡಬೇಕು. ಪಾಳಿ ಮುಗಿಯುವ ಮುನ್ನ ಹದಿನೈದು ನಿಮಿಷ ಅವರನ್ನೆಲ್ಲ ಕೂರಿಸಿ ಹೋದವರ ಬಗ್ಗೆ ಮಾತನಾಡಲು ಬಿಟ್ಟರೆ ಅದಕ್ಕೆ ಖರ್ಚೇನೂ ಇಲ್ಲ.

ನಾನು ಮುಂದೆ ಕೆಲಸ ಮಾಡಿದ ಇನ್ನೊಂದು ಆಶ್ರಮದಲ್ಲಿ ಸಾವಿನ ಸುದ್ದಿಯನ್ನು ಅದೇ ದಿನ, ಹತ್ತಿರದವರಿಗೆ ಮೊದಲು, ಪಕ್ಕದಲ್ಲಿ ಕುಳಿತು ತಿಳಿಸುತ್ತಿದ್ದರು. ದೇಹ ಮುಂಬಾಗಿಲಿನಿಂದಲೇ ಹೊರಡುತ್ತಿತ್ತು. ನಡೆಯಬಲ್ಲವರು ಬಾಗಿಲವರೆಗೆ ಬಂದು ಬೀಳ್ಕೊಡುತ್ತಿದ್ದರು, ಗಾಲಿಕುರ್ಚಿಯಲ್ಲಿದ್ದವರನ್ನು ನಾವು ತಳ್ಳಿಕೊಂಡು ಬರುತ್ತಿದ್ದೆವು. ಒಂದೆರಡು ದಿನವಾದರೂ ಆ ಹಾಸಿಗೆಯನ್ನು ಖಾಲಿ ಬಿಡುತ್ತಿದ್ದರು. ಕೆಲವು ವಾರಗಳ ನಂತರ ಮನೆಯವರಿಗೆ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳುತ್ತಿದ್ದರು, ಏಕೆಂದರೆ ಬಂದುಹೋಗುವವರೆಲ್ಲ ಹೊರಟುಹೋದ ಮೇಲೆಯೇ ದುಃಖ ಹೆಚ್ಚಾಗಿ ಕಾಡುವುದು. ಆರು ತಿಂಗಳು ಕಳೆದರೂ ದಿನನಿತ್ಯದ ಬದುಕು ನಡೆಸಲಾಗದಷ್ಟು ತೀವ್ರವಾಗಿ ಉಳಿಯುವ ದುಃಖವನ್ನು ವಿಶ್ವ ಆರೋಗ್ಯ ಸಂಸ್ಥೆ ತನ್ನ ಕಾಯಿಲೆಗಳ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಗುರುತಿಸಿದೆ. ಅಂಥವರನ್ನು ಆಪ್ತಸಲಹೆಗಾರರ ಬಳಿ ಕಳುಹಿಸಲು ಆ ಒಂದು ಕರೆ ದಾರಿಯಾಗುತ್ತದೆ. ಮರೆವಿರುವವರು ತೀರಿಕೊಂಡವರನ್ನು ಮತ್ತೆ ಮತ್ತೆ ಕೇಳಿದಾಗ ಪ್ರತಿ ಸಲವೂ ಸಾವಿನ ಸುದ್ದಿಯಿಂದ ಗಾಯಗೊಳಿಸಬೇಕಿಲ್ಲ. "ಅವರ ನೆನಪಾಯಿತೇ, ಅವರ ಬಗ್ಗೆ ಹೇಳಿ" ಎಂದು ಕೇಳಿದರೆ ಸುಳ್ಳೂ ಆಡಿದಂತಾಗದು, ಅವರ ಹಂಬಲಕ್ಕೂ ಜಾಗ ಸಿಗುತ್ತದೆ.

ಆಶ್ರಮಗಳಿಗೆ ಅನುಮತಿ ಕೊಡುವ ಅಧಿಕಾರಿಗಳು ಹಾಸಿಗೆಗಳ ಸಂಖ್ಯೆ, ಶೌಚಾಲಯಗಳ ಸಂಖ್ಯೆ ಕೇಳುವಂತೆ, ರಾತ್ರಿ ಕರೆದರೆ ಸಲಹೆ ಕೊಡುವ ವೈದ್ಯರು ಯಾರು, ನೋವು ಶಮನದ ಏರ್ಪಾಡು ಏನು, ಸಿಬ್ಬಂದಿಗೆ ಕೊನೆಗಾಲದ ಆರೈಕೆಯ ತರಬೇತಿ ಆಗಿದೆಯೇ ಎಂದೂ ಕೇಳಬೇಕೆಂದು ನಾನು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ. ತಂದೆತಾಯಿಯರಿಗಾಗಿ ಆಶ್ರಮ ನೋಡಲು ಹೋಗುವ ಮಕ್ಕಳು ಕೋಣೆಯ ಕಿಟಕಿಯನ್ನೂ ಊಟದ ವೇಳೆಯನ್ನೂ ವಿಚಾರಿಸಿದ ಮೇಲೆ, ಇಲ್ಲಿ ಯಾರಾದರೂ ತೀರಿಕೊಂಡ ರಾತ್ರಿ ಏನೇನು ನಡೆಯುತ್ತದೆ, ಮರುದಿನ ಪಕ್ಕದ ಹಾಸಿಗೆಯವರಿಗೆ ಏನು ಹೇಳುತ್ತೀರಿ ಎಂದು ದಯವಿಟ್ಟು ಕೇಳಿ, ಉತ್ತರ ಸಿಗುವವರೆಗೆ ಕುಳಿತಿರಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಶುಶ್ರೂಷಕಿ