ಮಾದರಿ ಲಾರಿ ಕಟ್ಟುವವರಿಗೆ ನಮ್ಮ ಲಾರಿಗಳ ಅಳತೆ ಸಿಗಲಿ

ಸಂಪಾದಕರಿಗೆ ನಮಸ್ಕಾರಗಳು.

ರಿಮೋಟ್‌ನಿಂದ ಓಡುವ ಮಾದರಿ ಲಾರಿ ಮತ್ತು ಟ್ರೇಲರ್ ಕಟ್ಟುವ ಯುವಕರ ಕುರಿತು ತಮ್ಮ ಪತ್ರಿಕೆಯ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಆಸಕ್ತಿಯಿಂದ ಓದಿದೆ. ಇಂಥ ಹವ್ಯಾಸಕ್ಕೆ ಕನ್ನಡ ಪತ್ರಿಕೆಯೊಂದು ಅಷ್ಟು ಜಾಗ ಕೊಟ್ಟದ್ದು ಸಂತೋಷದ ವಿಷಯ. ಆದರೆ ಲೇಖನದ ಬಹುಭಾಗ ಹೊರದೇಶದಿಂದ ತರಿಸುವ, ಬಿಡಿಭಾಗಗಳನ್ನು ಜೋಡಿಸಿ ಕಟ್ಟುವ ಕಿಟ್‌ಗಳ ಬೆಲೆ, ಎಂಜಿನ್ನಿನ ಸದ್ದು, ಬಣ್ಣದ ದೀಪಗಳ ವರ್ಣನೆಯಲ್ಲೇ ಮುಗಿದುಹೋಗಿದೆ. ಬಿಡುವಿನಲ್ಲಿ ಇದೇ ಕೆಲಸ ಮಾಡುವ ನನಗೆ ಅದರಲ್ಲಿ ಬಾರದ ಒಂದು ಸಂಗತಿಯನ್ನು ಓದುಗರ ಗಮನಕ್ಕೆ ತರಬೇಕೆನಿಸಿತು. ನಮ್ಮ ಹೆದ್ದಾರಿಗಳಲ್ಲಿ ದಿನವೂ ಓಡಾಡುವ ಲಾರಿಗಳ ಮಾದರಿ ಕಟ್ಟಲು ಹೊರಟವರಿಗೆ ಸಾಮಾನು ಹೇಗೋ ಸಿಗುತ್ತದೆ, ಅಳತೆ ಸಿಗುವುದಿಲ್ಲ. ಆ ಅಳತೆಯನ್ನು ಬಲ್ಲ ಕೈಗಳೂ ಒಂದೊಂದಾಗಿ ಕೆಲಸ ಬಿಡುತ್ತಿವೆ.

ಜಪಾನಿನ ಶಿಜುವೊಕಾ ನಗರದ ಟಮಿಯಾ ಕಂಪನಿಯು 1990ರ ದಶಕದಿಂದ 1:14 ಪ್ರಮಾಣದ, ಅಂದರೆ ನಿಜದ ಗಾಡಿಯ ಹದಿನಾಲ್ಕನೆಯ ಒಂದು ಭಾಗದಷ್ಟು ಅಳತೆಯ ಲಾರಿ ಕಿಟ್‌ಗಳನ್ನು ಮಾರುತ್ತಿದೆ. ಅಲ್ಯುಮಿನಿಯಂ ಚಾಸಿಸ್ (ಅಡಿಚೌಕಟ್ಟು), ಎಲೆಗಳಂತೆ ಒಂದರ ಮೇಲೊಂದು ಜೋಡಿಸಿದ ಲೋಹದ ಕಮಾನು ಪಟ್ಟಾಗಳು (ಸ್ಪ್ರಿಂಗ್), ತಿರುವಿನಲ್ಲಿ ಎರಡು ಕಡೆಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ಉರುಳಲು ಬಿಡುವ ಡಿಫರೆನ್ಷಿಯಲ್, ರಿಮೋಟ್‌ನಿಂದಲೇ ಬದಲಿಸಬಹುದಾದ ಮೂರು ಗೇರು, ಇವೆಲ್ಲ ಅದರ ಪೆಟ್ಟಿಗೆಯಲ್ಲೇ ಬರುತ್ತವೆ. ಆದರೆ ಅವು ಉದ್ದ ಮೂತಿಯ ಅಮೆರಿಕದ ಲಾರಿಗಳು, ಇಲ್ಲವೇ ಯುರೋಪಿನ ಸ್ಕ್ಯಾನಿಯಾ, ಮರ್ಸಿಡಿಸ್, ಮ್ಯಾನ್, ವೋಲ್ವೊ. ಇವುಗಳಲ್ಲಿ ವೋಲ್ವೊ ಒಂದಕ್ಕೆ ನಮ್ಮೊಡನೆ ನಂಟಿದೆ. ಬೆಂಗಳೂರಿನ ಪಕ್ಕದ ಹೊಸಕೋಟೆಯಲ್ಲಿ 1998ರಿಂದ ವೋಲ್ವೊ ಲಾರಿಗಳು ತಯಾರಾಗುತ್ತಿರುವುದರಿಂದ, ಆ ಕಿಟ್ ಕಟ್ಟುವವರು ಅನುಮಾನ ಬಂದಾಗ ಹೊರಗೆ ಹೋಗಿ ನಿಜದ ಗಾಡಿಯನ್ನೇ ನೋಡಿಬರಬಹುದು. ಟಾಟಾ ಅಥವಾ ಅಶೋಕ್ ಲೇಲ್ಯಾಂಡ್ ಆ ಕಿಟ್‌ಗಳ ಪಟ್ಟಿಯಲ್ಲೇ ಇಲ್ಲ. ಹಾಗಾಗಿ ನಮ್ಮ ಲಾರಿ ಬೇಕೆಂದರೆ ಕಿಟ್ಟಿನ ಗೇರ್‌ಬಾಕ್ಸು, ಆಕ್ಸಲ್ಲು, ಟೈರುಗಳನ್ನಷ್ಟೇ ಇಟ್ಟುಕೊಂಡು ಉಳಿದದ್ದನ್ನು ನಾವೇ ಕಟ್ಟಿಕೊಳ್ಳಬೇಕು.

ನಾನು ಕಟ್ಟಲು ಆರಿಸಿಕೊಂಡದ್ದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ತಗಡಿನ ಸುರುಳಿಗಳನ್ನು ಹೊತ್ತು ನಮ್ಮೂರ ಮೇಲೆ ಹಾದುಹೋಗುವ ಟ್ರೇಲರನ್ನು. ಮುಂದೆ ಎಳೆಯುವ ಗಾಡಿಗೆ ಚಾಲಕರು ‘ಹಾರ್ಸ್’ ಎನ್ನುತ್ತಾರೆ. ಅದಕ್ಕೆ ಮೂರು ಆಕ್ಸಲ್, ಹಿಂದಿನ ಚಪ್ಪಟೆ ಟ್ರೇಲರಿಗೆ ಮತ್ತೆ ಮೂರು. 40 ಅಡಿಯ ಟ್ರೇಲರ್ 1:14ರ ಪ್ರಮಾಣದಲ್ಲಿ 87 ಸೆಂ.ಮೀ. ಆಗುತ್ತದೆ. ಟ್ರೇಲರನ್ನು ಹಾರ್ಸಿಗೆ ಸೇರಿಸುವ ಎರಡು ಇಂಚು ದಪ್ಪದ ಕಿಂಗ್ ಪಿನ್ 3.6 ಮಿ.ಮೀ.ಗೆ ಇಳಿಯುತ್ತದೆ. ಸುಮಾರು 1.05 ಮೀಟರ್ ವ್ಯಾಸದ 10.00 ಆರ್ 20 ಟೈರು ಏಳೂವರೆ ಸೆಂ.ಮೀ. ಇರಬೇಕು. ಕಿಟ್ಟಿನ ಟೈರು ಇದಕ್ಕಿಂತ ಕೊಂಚ ದೊಡ್ಡದು. ಅದನ್ನು ಹಾಗೇ ಹಾಕಿದರೆ ಮಡ್ಗಾರ್ಡನ್ನು ಎತ್ತರಿಸಬೇಕಾಗುತ್ತದೆ, ಮಡ್ಗಾರ್ಡಿನ ಜೊತೆ ಕ್ಯಾಬಿನ್ನೂ ಮೇಲೇರುತ್ತದೆ, ಕೊನೆಗೆ ಲಾರಿ ಹೊಸ ಚಪ್ಪಲಿ ಹಾಕಿಕೊಂಡು ತುದಿಗಾಲಲ್ಲಿ ನಿಂತವರಂತೆ ಕಾಣುತ್ತದೆ. ಲಾರಿಯ ಜೊತೆ ಬೆಳೆದ ಯಾರಿಗೇ ತೋರಿಸಿದರೂ ‘ಏನೋ ಸರಿಯಿಲ್ಲ’ ಎಂದುಬಿಡುತ್ತಾರೆ; ಏನೆಂದು ಅವರಿಗೂ ಹೇಳಲು ಬರುವುದಿಲ್ಲ.

ಉದ್ದ ಹದಿನಾಲ್ಕನೆಯ ಒಂದು ಭಾಗವಾದರೆ ತೂಕ 14ರ ಘನಕ್ಕೆ ತಕ್ಕಂತೆ, ಅಂದರೆ 2,744ನೆಯ ಒಂದು ಭಾಗಕ್ಕೆ ಇಳಿಯುತ್ತದೆ. ತೂಕದ ಮಿತಿಗಳ 2018ರ ಪರಿಷ್ಕರಣೆಯ ನಂತರ ನಮ್ಮ ರಸ್ತೆಗಳಲ್ಲಿ ಇಂಥ ವಾಹನದ ಗರಿಷ್ಠ ಒಟ್ಟು ತೂಕ 55 ಟನ್. ಮಾದರಿಯಲ್ಲಿ ಅದು 20 ಕೆ.ಜಿ. ಇಪ್ಪತ್ತು ಟನ್ನಿನ ಒಂದು ಸುರುಳಿ 7.3 ಕೆ.ಜಿ. ಆಗಬೇಕು. ಅಲ್ಲಿಯೂ ಉಕ್ಕು, ಇಲ್ಲಿಯೂ ಉಕ್ಕೇ ಆದ್ದರಿಂದ ತೆಳು ಉಕ್ಕಿನ ಪಟ್ಟಿಯನ್ನು ಸರಿಯಾದ ವ್ಯಾಸಕ್ಕೆ ಬಿಗಿಯಾಗಿ ಸುತ್ತಿದರೆ ತೂಕ ತಾನಾಗಿಯೇ ಬರುತ್ತದೆ, ಎಲ್ಲೂ ಸೀಸ ಬಚ್ಚಿಡಬೇಕಿಲ್ಲ. ಸುರುಳಿ ಉರುಳದಂತೆ ಎರಡೂ ಕಡೆ ಕೊಡುವ ಮರದ ಬೆಣೆಗಳನ್ನು ಜಾಲಿಯ ಚೂರಿನಲ್ಲಿ ಕೊರೆದುಕೊಂಡೆ. ಅದನ್ನು ಬಿಗಿಯುವ ಸರಪಳಿಯ ಕೊಂಡಿ ನಿಜದಲ್ಲಿ 10 ಮಿ.ಮೀ. ದಪ್ಪವಿದ್ದರೆ ಮಾದರಿಯಲ್ಲಿ 0.7 ಮಿ.ಮೀ. ಮಾತ್ರ. ಅಷ್ಟು ಸಣ್ಣ ಸರಪಳಿ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗದೆ, ಫ್ಯಾನ್ಸಿ ಸ್ಟೋರಿನ ಕೊರಳ ಸರವೊಂದನ್ನು ತಂದು, ಅದರ ಹೊಳಪನ್ನು ಮರಳು ಕಾಗದದಿಂದ ಉಜ್ಜಿ ತೆಗೆದು, ತುಕ್ಕಿನ ಬಣ್ಣ ಕೊಡಬೇಕಾಯಿತು.

ಪಟ್ಟಾಗಳ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಮಾದರಿ ಲಾರಿ ಲಾರಿಯಂತೆ ನಡೆಯುವುದೂ ಡಬ್ಬದಂತೆ ಕುಪ್ಪಳಿಸುವುದೂ ಅದನ್ನೇ ಅವಲಂಬಿಸಿದೆ. ಪಟ್ಟಾದ ಬಿಗಿತ, ಅಂದರೆ ಬಾಗದೆ ನಿಲ್ಲುವ ಗುಣ, ಅದರ ಅಗಲಕ್ಕೂ ದಪ್ಪದ ಘನಕ್ಕೂ ತಕ್ಕಂತೆ ಹೆಚ್ಚುತ್ತದೆ, ಉದ್ದದ ಘನಕ್ಕೆ ತಕ್ಕಂತೆ ಕಡಿಮೆಯಾಗುತ್ತದೆ. ಎಲ್ಲ ಅಳತೆಗಳನ್ನೂ ನಿಷ್ಠೆಯಿಂದ 14ರಿಂದ ಭಾಗಿಸಿ ಅದೇ ಉಕ್ಕಿನಲ್ಲಿ ಪಟ್ಟಾ ಮಾಡಿದರೆ ಬಿಗಿತ 14ನೆಯ ಒಂದು ಭಾಗಕ್ಕೆ ಮಾತ್ರ ಇಳಿಯುತ್ತದೆ. ಅದು ಹೊರಬೇಕಾದ ತೂಕವೋ 2,744ನೆಯ ಒಂದು ಭಾಗಕ್ಕೆ ಇಳಿದಿರುತ್ತದೆ. ಹೀಗಾಗಿ ಪೂರ್ತಿ ಲೋಡು ಹೇರಿದ ಮೇಲೂ ಪಟ್ಟಾ ಇರಬೇಕಾದ್ದಕ್ಕಿಂತ 14 ಪಟ್ಟು ಬಿಗಿಯಾಗಿಯೇ ಉಳಿಯುತ್ತದೆ, ಚಿಕ್ಕ ಕಲ್ಲು ಸಿಕ್ಕಿದರೂ ಒಂದು ಚಕ್ರ ಗಾಳಿಯಲ್ಲಿರುತ್ತದೆ. ಇದಕ್ಕೆ ದಾರಿ ಎರಡು: ಪ್ರತಿ ಎಲೆಯನ್ನೂ ಲೆಕ್ಕಕ್ಕಿಂತ ಎರಡೂವರೆ ಪಟ್ಟಿನಷ್ಟು ತೆಳ್ಳಗೆ ಮಾಡುವುದು, ಇಲ್ಲವೇ ಕಟ್ಟಿನಲ್ಲಿ ಒಂದೆರಡು ಎಲೆಗಳನ್ನಷ್ಟೇ ಉಕ್ಕಿನಲ್ಲಿ ಮಾಡಿ ಉಳಿದವನ್ನು ಪ್ಲಾಸ್ಟಿಕ್ಕಿನಲ್ಲಿ ಕತ್ತರಿಸಿ ತುಂಬುವುದು. ನಾನು ಎರಡನೆಯದನ್ನು ಹಿಡಿದೆ. ಉಕ್ಕಿನ ಎಲೆಗೆ ಪೆಟ್ಟಿಗೆ ಕಟ್ಟುವ ಪ್ಯಾಕಿಂಗ್ ಪಟ್ಟಿ ಸಾಕಾಯಿತು. ಯು ಬೋಲ್ಟ್ ಹಾಕಿ ಸೆಂಟರ್ ಬೋಲ್ಟ್ ಬಿಗಿದ ಮೇಲೆ ಯಾವುದು ಉಕ್ಕು, ಯಾವುದು ಪ್ಲಾಸ್ಟಿಕ್ ಎಂದು ಗ್ಯಾರೇಜಿನವರಿಗೂ ತಿಳಿಯಲಿಲ್ಲ.

ಸದ್ದು ಮತ್ತು ದೀಪದ ಬಗ್ಗೆ ಲೇಖನದಲ್ಲಿ ಸಾಕಷ್ಟು ಬಂದಿರುವುದರಿಂದ ಹೆಚ್ಚು ಬರೆಯುವುದಿಲ್ಲ. ವೇಗದ ಬಗ್ಗೆ ಮಾತ್ರ ಒಂದು ಮಾತು. ಗಂಟೆಗೆ 60 ಕಿ.ಮೀ. ಓಡುವ ಲಾರಿಯ 1:14ರ ಮಾದರಿ ಗಂಟೆಗೆ ನಾಲ್ಕೂಕಾಲು ಕಿ.ಮೀ. ಓಡಬೇಕು, ಅಂದರೆ ನಾವು ಪಕ್ಕದಲ್ಲಿ ನಡೆದುಕೊಂಡು ಹೋಗುವಷ್ಟು. ಅಂತರ್ಜಾಲದ ವಿಡಿಯೊಗಳಲ್ಲಿ ಇವುಗಳನ್ನು ಗಂಟೆಗೆ 15 ಕಿ.ಮೀ.ಯಲ್ಲಿ ಓಡಿಸಿ ಚಪ್ಪಾಳೆ ಗಿಟ್ಟಿಸುವವರಿದ್ದಾರೆ. ಪ್ರಮಾಣದ ಲೆಕ್ಕದಲ್ಲಿ ಅದು 210 ಕಿ.ಮೀ. ಸುರುಳಿ ಹೊತ್ತ ಟ್ರೇಲರ್ ಆ ವೇಗದಲ್ಲಿ ಹೋಗುವುದನ್ನು ಯಾವ ಕ್ಲೀನರೂ ಕಂಡಿರಲಾರ.

ಟ್ರೇಲರ್ ಇರುವ ಮಾದರಿಯ ನಿಜವಾದ ಪರೀಕ್ಷೆ ರಿವರ್ಸಿನಲ್ಲಿ. ಟ್ರೇಲರಿನ ಹಿಂಭಾಗ ಎಡಕ್ಕೆ ಹೋಗಬೇಕೆಂದರೆ ಮೊದಲು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಬೇಕು. ಅದು ತಿರುಗಲು ಶುರುವಾದೊಡನೆ ಸ್ಟೇರಿಂಗನ್ನು ಎಡಕ್ಕೆ ತಂದು ಹಾರ್ಸ್ ಅದನ್ನು ಹಿಂಬಾಲಿಸುವಂತೆ ಮಾಡಬೇಕು. ಕ್ಷಣ ತಡವಾದರೆ ಟ್ರೇಲರ್ ಮಡಚಿಕೊಂಡು ಕ್ಯಾಬಿನ್ನಿಗೆ ತಾಗುತ್ತದೆ. ನಿಜದ ಚಾಲಕ ಕ್ಯಾಬಿನ್ನಿನಲ್ಲಿ ಕುಳಿತು ಕನ್ನಡಿ ನೋಡುತ್ತಾನೆ. ರಿಮೋಟ್ ಹಿಡಿದವರು ಹೊರಗೆ ನಿಂತಿರುವುದರಿಂದ, ಲಾರಿ ತಮ್ಮ ಕಡೆ ಮುಖ ಮಾಡಿದಾಗ ಎಡಬಲ ಮತ್ತೊಮ್ಮೆ ಅದಲುಬದಲಾಗುತ್ತದೆ. ಇಲ್ಲಿಯೂ ಅಳತೆಯೇ ಮುಖ್ಯ. ಕಿಂಗ್ ಪಿನ್ ಟ್ರೇಲರಿನ ಮುಂತುದಿಯಿಂದ ಎಷ್ಟು ಹಿಂದಿದೆ, ಅಲ್ಲಿಂದ ಹಿಂದಿನ ಆಕ್ಸಲ್‌ಗಳ ನಡುವಣ ಬಿಂದು ಎಷ್ಟು ದೂರ, ಹಾರ್ಸಿನ ಫಿಫ್ತ್ ವೀಲ್ (ಕಿಂಗ್ ಪಿನ್ ಕೂರುವ ತಟ್ಟೆ) ಅದರ ಹಿಂದಿನ ಆಕ್ಸಲ್‌ಗಳಿಗೆ ಹೋಲಿಸಿದರೆ ಎಲ್ಲಿದೆ, ಈ ಮೂರು ಅಂಕಿಗಳು ಸರಿಯಾಗಿದ್ದರೆ ಮಾದರಿ ನಿಜದ ಗಾಡಿಯಂತೆಯೇ ತಿರುಗುತ್ತದೆ. ನನ್ನ ಟ್ರೇಲರನ್ನು ಮೂವತ್ತು ವರ್ಷ ಇದೇ ಮಾರ್ಗದಲ್ಲಿ ದುಡಿದ ಚಾಲಕರೊಬ್ಬರ ಕೈಗೆ ಕೊಟ್ಟಾಗ, ರಿಮೋಟಿನ ಅಭ್ಯಾಸವಿಲ್ಲದಿದ್ದರೂ ಅವರು ಸ್ವಲ್ಪ ಹೊತ್ತಿನಲ್ಲೇ ಅದನ್ನು ಮೆಟ್ಟಿಲಿನ ಪಕ್ಕಕ್ಕೆ ರಿವರ್ಸ್ ತಂದು ನಿಲ್ಲಿಸಿದರು. ‘ಪಿನ್ ಜಾಗ ಕರೆಕ್ಟಾಗಿದೆ’ ಎಂದಷ್ಟೇ ಹೇಳಿದರು.

ಟ್ರೇಲರಿನ ಅಳತೆಗಳು ಹೇಗೋ ಸಿಗುತ್ತವೆ. ಅದು ಉಕ್ಕಿನ ತೊಲೆಗಳ ನೇರ ಕೆಲಸ. ಹೊಸ ಹಾರ್ಸ್‌ಗಳ ಅಳತೆಯೂ ಕಂಪನಿಯ ಕೈಪಿಡಿಗಳಲ್ಲಿ ಇಷ್ಟೋ ಅಷ್ಟೋ ಇರುತ್ತದೆ. ಸಿಗದೇ ಇರುವುದು ನಮ್ಮ ಹಳೆಯ ಲಾರಿಗಳ ಕ್ಯಾಬಿನ್ನಿನದು. ಆಗ ಕಂಪನಿಯಿಂದ ಬರುತ್ತಿದ್ದದ್ದು ಬರೀ ಚಾಸಿಸ್, ಮುಂದೆ ಎಂಜಿನ್ ಮುಚ್ಚುವ ಮೂತಿ. ಬಾಗಿಲಿಲ್ಲದ, ಗಾಜಿಲ್ಲದ ಆ ಚಾಸಿಸ್ಸನ್ನು ತಲೆಗೆ ಟವೆಲ್ ಸುತ್ತಿಕೊಂಡು, ಕನ್ನಡಕ ಹಾಕಿಕೊಂಡು ನೂರಾರು ಮೈಲಿ ಓಡಿಸಿ ತರುತ್ತಿದ್ದ ಚಾಲಕರನ್ನು ನಡುವಯಸ್ಸು ದಾಟಿದ ಓದುಗರೆಲ್ಲ ಕಂಡಿರುತ್ತಾರೆ. ಕ್ಯಾಬಿನ್ನೂ ಹಿಂದಿನ ಬಾಡಿಯೂ ಏಳುತ್ತಿದ್ದದ್ದು ಬಾಡಿ ಕಟ್ಟುವ ಶೆಡ್ಡುಗಳಲ್ಲಿ. ತಮಿಳುನಾಡಿನ ನಾಮಕ್ಕಲ್, ಸಂಕಗಿರಿ ಇದಕ್ಕೆ ಹೆಸರಾದರೂ ನಮ್ಮ ಕಡೆಯೂ ಶೆಡ್ಡುಗಳಿಗೆ ಕೊರತೆ ಇರಲಿಲ್ಲ. ಮರದ ಚೌಕಟ್ಟು, ಅದರ ಮೇಲೆ ತಗಡು, ಗಾಜಿನ ಮೇಲ್ಗಡೆ ದೇವರ ಹೆಸರು ಬರೆಯಲು ಹಲಗೆ, ಮೇಲೆ ಸಾಮಾನು ಕಟ್ಟುವ ಕಟಕಟೆ. ಹಣೆ ಎಷ್ಟು ಮುಂದಕ್ಕೆ ಬಾಗಬೇಕು, ಬಾಗಿಲಿನ ಮೂಲೆ ಎಷ್ಟು ದುಂಡಗಿರಬೇಕು ಎಂಬುದು ಶೆಡ್ಡಿನಿಂದ ಶೆಡ್ಡಿಗೆ ಬೇರೆ. ಅದಕ್ಕೆ ನಕ್ಷೆ ಇರಲಿಲ್ಲ. ಗೋಡೆಗೆ ನೇತುಹಾಕಿದ, ಆಕಾರ ತೆಗೆಯಲು ಕತ್ತರಿಸಿಟ್ಟ ಪ್ಲೈವುಡ್ ಫರ್ಮಾ ಒಂದು, ಮೇಸ್ತ್ರಿಯ ನೆನಪು ಇನ್ನೊಂದು.

ಈಗ ಕಾರ್ಖಾನೆಯಲ್ಲೇ ಒತ್ತಿ ತಯಾರಿಸಿದ ಕ್ಯಾಬಿನ್ನುಗಳು ಬಂದಿವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಸರಕು ವಾಹನಗಳಲ್ಲಿ ಚಾಲಕರ ಕ್ಯಾಬಿನ್ನಿಗೆ ಹವಾನಿಯಂತ್ರಣ ಕಡ್ಡಾಯವಾಗಿದೆ. ಬೇಸಿಗೆಯಲ್ಲಿ ಎಂಜಿನ್ನಿನ ಪಕ್ಕದಲ್ಲಿ ಬೇಯುತ್ತಿದ್ದ ಚಾಲಕರಿಗೆ ಇದು ಬಹಳ ಹಿಂದೆಯೇ ಸಿಗಬೇಕಿದ್ದ ಅನುಕೂಲ; ಹಳೆಯ ಮರದ ಕ್ಯಾಬಿನ್ನಿನಲ್ಲಿ ಅವರು ಇನ್ನೂ ಕೂರಲಿ ಎಂದು ನಾನು ಹೇಳುತ್ತಿಲ್ಲ. ಆದರೆ ಹಳೆಯ ಕಾರುಗಳಿಗೆ ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಸಮೀಪದ ‘ಪಯಣ’ ಕಾರು ಸಂಗ್ರಹಾಲಯದಲ್ಲಿಯೂ ಗೌರವದ ಜಾಗ ಸಿಕ್ಕಿದೆ. ಲಾರಿಗೆ ಆ ಭಾಗ್ಯ ಅಷ್ಟು ಸುಲಭವಲ್ಲ. ದುಡಿಯುವವರೆಗೆ ದುಡಿಸಿ, ಎಫ್‌ಸಿ (ಓಡಲು ಯೋಗ್ಯವೆಂಬ ಪ್ರಮಾಣಪತ್ರ) ಆಗದೆ ಹೋದಾಗ ಗುಜರಿಗೆ ಹಾಕುತ್ತಾರೆ. ಗ್ಯಾಸ್ ಕಟ್ಟರ್ ಮೊದಲು ಬೀಳುವುದು ಕ್ಯಾಬಿನ್ನಿನ ಮೇಲೆಯೇ. ಕಾರಿನ ಗ್ಯಾರೇಜಿನಷ್ಟು ಜಾಗದಲ್ಲಿ ಲಾರಿಯನ್ನು ಇಡಲಾಗುವುದಿಲ್ಲ ಎಂಬುದು ನಿಜ. 1:14ರ ಮಾದರಿಯನ್ನಾದರೆ ಒಂದು ಕಪಾಟಿನಲ್ಲಿಡಬಹುದು, ಅಳತೆ ಸರಿಯಿದ್ದರೆ.

ಫೋಟೊ ನೋಡಿ ಕಟ್ಟಬಾರದೇ ಎಂದು ಕೇಳಬಹುದು. ಹತ್ತಿರದಿಂದ ಮೊಬೈಲಿನಲ್ಲಿ ತೆಗೆದ ಚಿತ್ರದಲ್ಲಿ ಕ್ಯಾಮೆರಾದ ಕಡೆಗಿರುವ ಬಂಪರು ಉಬ್ಬುತ್ತದೆ, ಹಿಂದಿನ ಗೋಡೆ ಕುಗ್ಗುತ್ತದೆ. ಅದರಿಂದ ತೆಗೆದ ಅಳತೆಗಳು ಒಂದಕ್ಕೊಂದು ಕೂಡುವುದಿಲ್ಲ. ದೂರ ನಿಂತು ಜೂಮ್ ಮಾಡಿ, ಪಕ್ಕದಲ್ಲಿ ಗುರುತು ಹಾಕಿದ ಕೋಲೊಂದನ್ನು ನಿಲ್ಲಿಸಿ ತೆಗೆದರೆ ಸ್ವಲ್ಪ ವಾಸಿ. ಟೇಪು, ತೂಗುಗುಂಡು, ರಟ್ಟು ಹಿಡಿದು ಗಾಡಿಯ ಬಳಿಗೇ ಹೋಗುವುದು ಉತ್ತಮ. ಬಾಗಿದ ಹಣೆಗೆ ರಟ್ಟನ್ನು ಒತ್ತಿ ಹಿಡಿದು, ತಾಗದ ಕಡೆ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೋದರೆ ಅದರ ವಕ್ರರೇಖೆ ಇದ್ದಂತೆಯೇ ಸಿಗುತ್ತದೆ. ತೊಂದರೆ ಏನೆಂದರೆ, ನಿಂತ ಲಾರಿಯ ಸುತ್ತ ಟೇಪು ಹಿಡಿದು ತಿರುಗುವವನು ಫೈನಾನ್ಸಿನ ಕಡೆಯಿಂದ ಗಾಡಿ ಸೀಜ್ ಮಾಡಲು ಬಂದವನು ಎಂದೇ ಎಲ್ಲರೂ ಭಾವಿಸುತ್ತಾರೆ. ವಿವರಿಸಿ ಹೇಳಿದ ಮೇಲೂ ಒಂದು ಲಾರಿ ಯಾರ್ಡಿನ ಕಾವಲುಗಾರರು ನನ್ನನ್ನು ಗೇಟಿನಿಂದಲೇ ವಾಪಸು ಕಳಿಸಿದರು. ಅವರ ಅನುಮಾನವನ್ನು ನಾನು ತಪ್ಪೆನ್ನುವುದಿಲ್ಲ.

ಆದ್ದರಿಂದ ತಮ್ಮ ಪತ್ರಿಕೆಯ ಮೂಲಕ ಕೆಲವು ವಿನಂತಿಗಳು. ಬಾಡಿ ಶೆಡ್ಡಿನವರು ಹಳೆಯ ಫರ್ಮಾಗಳನ್ನು ಒಲೆಗೆ ಹಾಕುವ ಮೊದಲು ಹತ್ತಿರದ ಪಾಲಿಟೆಕ್ನಿಕ್ಕಿನವರಿಗೋ ಮಾದರಿ ಕಟ್ಟುವ ಹುಡುಗರಿಗೋ ಅವುಗಳನ್ನು ಹಾಳೆಯ ಮೇಲೆ ಗೆರೆ ಎಳೆದುಕೊಳ್ಳಲು ಕೊಡಲಿ. ಮೆಕ್ಯಾನಿಕಲ್ ಡಿಪ್ಲೊಮಾದ ಕೊನೆಯ ವರ್ಷದಲ್ಲಿ ಪ್ರಾಜೆಕ್ಟ್ ಮಾಡುವುದಿರುತ್ತದೆ. ಸಿದ್ಧವಾಗಿ ಕೊಂಡು ತಂದ ಪ್ರಾಜೆಕ್ಟುಗಳನ್ನು ನೋಡಿ ಬೇಸತ್ತ ಅಧ್ಯಾಪಕರು, ಒಂದು ಹಳೆಯ ಲಾರಿಯನ್ನು ಪೂರ್ತಿ ಅಳೆದು, ನಕ್ಷೆ ಬರೆದು, ಅದರ ಓಡುವ ಮಾದರಿ ಕಟ್ಟುವ ಕೆಲಸವನ್ನು ನಾಲ್ಕೈದು ವಿದ್ಯಾರ್ಥಿಗಳಿಗೆ ವಹಿಸಿ ನೋಡಬಹುದು. ಪಟ್ಟಾದ ಲೆಕ್ಕ, ಗೇರಿನ ಲೆಕ್ಕ, ಲೇತ್ ಕೆಲಸ, ವೈರಿಂಗ್ ಎಲ್ಲವೂ ಅದರಲ್ಲೇ ಬರುತ್ತವೆ. ತಮ್ಮ ಪುರವಣಿ ಮತ್ತೊಮ್ಮೆ ಈ ವಿಷಯಕ್ಕೆ ಜಾಗ ಕೊಡುವುದಾದರೆ, ಕಿಟ್ಟಿನ ಬೆಲೆಯ ಬದಲು ಅಂಥ ಒಂದು ನಕ್ಷೆಯನ್ನು ಅಚ್ಚು ಹಾಕಿದರೆ ಉಪಕಾರವಾಗುತ್ತದೆ.

ಹೊಸಪೇಟೆ, ಬಳ್ಳಾರಿ, ಕೊಪ್ಪಳದ ಕಡೆ ಮರದ ಕ್ಯಾಬಿನ್ನಿನ ಹಳೆಯ ಲಾರಿ ಇಟ್ಟುಕೊಂಡಿರುವ ಮಾಲೀಕರು ಅದನ್ನು ಗುಜರಿಗೆ ಕೊಡುವ ಮುನ್ನ ಅರ್ಧ ದಿನ ಅಳೆಯಲು ಬಿಡುವುದಾದರೆ ದಯವಿಟ್ಟು ಪತ್ರಿಕೆಯ ಕಚೇರಿಗೆ ತಿಳಿಸಲಿ. ಗಾಡಿಯನ್ನು ಬಿಚ್ಚುವುದಿಲ್ಲ, ಬಣ್ಣ ಕೆರೆಯುವುದಿಲ್ಲ. ಟೇಪು, ರಟ್ಟು ನಾವೇ ತರುತ್ತೇವೆ. ನಕ್ಷೆ ಸಿದ್ಧವಾದ ಮೇಲೆ ಒಂದು ಪ್ರತಿಯನ್ನು ಮಾಲೀಕರಿಗೂ ಒಂದನ್ನು ಬಾಡಿ ಕಟ್ಟಿದ ಮೇಸ್ತ್ರಿಗೂ ತಲುಪಿಸುತ್ತೇವೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಹೊಸಪೇಟೆ