240 ರೂಪಾಯಿಯ ರೋಗಕ್ಕೆ 19,300 ರೂಪಾಯಿಯ ಮದ್ದು

ಪೆರ್ಲ, ಕಾಸರಗೋಡು ಜಿಲ್ಲೆ
21-07-2025

ಸರ್ವಿಸ್ ಮ್ಯಾನೇಜರ್ ಅವರಿಗೆ,
ಕಾಸರಗೋಡು

ವಿಷಯ: ಹಳೆಯ ಫೋರ್ ವೀಲ್ ಜೀಪಿನ ಸ್ಟಾರ್ಟಿಂಗ್ ದೋಷ ಪರೀಕ್ಷಿಸದೆ ಬಿಡಿಭಾಗ ಬದಲಿಸಿದ ಬಗ್ಗೆ ದೂರು

ಮಾನ್ಯರೇ,

ನನ್ನ 1994ರ ಮಹೀಂದ್ರಾ ಎಂಎಂ 540 ಈ ತಿಂಗಳಲ್ಲಿ ಮೂರು ಸಲ ನಿಮ್ಮ ವರ್ಕ್‌ಶಾಪಿಗೆ ಹೋಗಿ ಬಂತು. ಜುಲೈ 3ಕ್ಕೆ ಹೊಸ ಬ್ಯಾಟರಿ, 6,800 ರೂಪಾಯಿ. ಜುಲೈ 9ಕ್ಕೆ ಇಂಜಿನು ತಿರುಗಿಸಿ ಸ್ಟಾರ್ಟ್ ಮಾಡುವ ಸೆಲ್ಫ್ ಮೋಟಾರು ಬದಲಿಸಿದ್ದಕ್ಕೆ 7,500, ತಣ್ಣಗಿನ ಇಂಜಿನನ್ನು ಒಳಗಿಂದ ಬಿಸಿ ಮಾಡುವ ನಾಲ್ಕು ಹೀಟರ್ ಪ್ಲಗ್ಗಿಗೆ 1,800. ಎರಡೂ ಸಲದ ಕೂಲಿ ಸೇರಿ 3,200. ಜುಲೈ 16ಕ್ಕೆ ಮತ್ತೆ ಬಂದಾಗ ಡೀಸೆಲ್ ಪಂಪು ಇಳಿಸಿ ಕ್ಯಾಲಿಬ್ರೇಶನ್‌ಗೆ ಕಳಿಸಬೇಕು, 22,000 ಆಗುತ್ತದೆ ಎಂದು ಎಸ್ಟಿಮೇಟ್ ಬರೆದುಕೊಟ್ಟಿರಿ. ನಾನು ಒಪ್ಪದೆ ಗಾಡಿ ವಾಪಸ್ ತಂದೆ. ಈಗ ಅದೇ ಪಂಪಿನಲ್ಲಿ ಜೀಪು ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿದೆ. ತಗಲಿದ ಖರ್ಚು 240 ರೂಪಾಯಿ.

ಮೊದಲ ದಿನ ಕೌಂಟರಿನಲ್ಲಿದ್ದ ಹುಡುಗನಿಗೆ ನಾನು ಮೂರು ಮಾತು ಹೇಳಿದ್ದೆ. ತಣ್ಣಗಿರುವಾಗ ಸೆಲ್ಫ್ ಹೊಡೆದರೆ ಇಂಜಿನು ಮುದುಕನ ಹಾಗೆ ನಿಧಾನಕ್ಕೆ ತಿರುಗುತ್ತದೆ. ತಿರುಗುವಾಗ ಸೈಲೆನ್ಸರಿನಲ್ಲಿ ಬಿಳಿ ಹೊಗೆ ಬರುತ್ತದೆ. ಮನೆಯೆದುರಿನ ಇಳಿಜಾರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿ ಬಿಟ್ಟರೆ ಹತ್ತು ಅಡಿಯೊಳಗೆ ಹಿಡಿಯುತ್ತದೆ. ಇಷ್ಟು ಕೇಳಿದ ಮೇಲೆ ರೋಗ ಎಲ್ಲಿದೆ ಎಂದು ಹುಡುಕಲು ಅರ್ಧ ಗಾಡಿ ಬಿಚ್ಚಬೇಕಾಗಿಲ್ಲ. ಬಿಳಿ ಹೊಗೆ ಎಂದರೆ ಡೀಸೆಲ್ ಸಿಲಿಂಡರಿಗೆ ಬರುತ್ತಿದೆ, ಉರಿಯುತ್ತಿಲ್ಲ ಎಂದು. ಇಳಿಜಾರಿನಲ್ಲಿ ಹಿಡಿಯುತ್ತದೆ ಎಂದರೆ ವೇಗವಾಗಿ ತಿರುಗಿಸಿದರೆ ಉರಿಯುವಷ್ಟು ಕಂಪ್ರೆಷನ್ (ಸಿಲಿಂಡರಿನೊಳಗೆ ಗಾಳಿಯ ಒತ್ತಡ) ಇದೆ, ಪಂಪೂ ಡೀಸೆಲ್ ಚಿಮ್ಮಿಸುವ ನಾಜಲ್ಲೂ ಕೆಲಸ ಮಾಡುತ್ತಿವೆ ಎಂದು. ಉಳಿದದ್ದು ನಿಧಾನಕ್ಕೆ ತಿರುಗುವ ಒಂದು ವಿಷಯ. ಜಾಬ್ ಕಾರ್ಡಿನಲ್ಲಿ ಆತ ಬರೆದದ್ದು ‘ಸ್ಟಾರ್ಟಿಂಗ್ ಟ್ರಬಲ್’ ಎಂಬ ಎರಡೇ ಪದ. ಎರಡನೇ ಸಲ ಹೋದಾಗ, “ಹಳೇ ಗಾಡಿ ಅಲ್ವಾ ಅಣ್ಣ, ಒಂದು ಹೋದ್ರೆ ಇನ್ನೊಂದು ಹೋಗ್ತದೆ” ಎಂದ. ಗಾಡಿ ಹಳೆಯದು ಎಂದು ನನಗೆ ಗೊತ್ತು; ಹದಿನೈದು ವರ್ಷ ಕಳೆದ ಮೇಲೆ ಐದೈದು ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಲು ಸಾಲು ನಿಲ್ಲುವವನು ನಾನೇ.

ದೋಷ ಸಿಕ್ಕಿದ್ದು ಹೀಗೆ. ನಮ್ಮಲ್ಲಿ ಪಂಪ್‌ಸೆಟ್ಟಿನ ವೈಂಡಿಂಗ್ ಮಾಡುವ ಹುಡುಗನೊಬ್ಬ ಮೋಟಾರು ಬಿಚ್ಚಲು ಬಂದಿದ್ದ. ಜೀಪಿನ ಕಥೆ ಕೇಳಿ ತನ್ನ ಮಲ್ಟಿಮೀಟರ್ ತೆಗೆದ. ನೀವು ಕೊಟ್ಟ ಬ್ಯಾಟರಿ ಸುಮ್ಮನಿರುವಾಗ 12.6 ವೋಲ್ಟ್, ಅದರಲ್ಲಿ ದೋಷವಿಲ್ಲ. ನಾನು ಸೆಲ್ಫ್ ಹೊಡೆಯುವಾಗ ಬ್ಯಾಟರಿಯಲ್ಲಿ 11.1 ಇತ್ತು, ಸೆಲ್ಫ್ ಮೋಟಾರಿನಲ್ಲಿ ಬರೀ 8.4. ಆಮೇಲೆ ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಇಂಜಿನ್ ಬ್ಲಾಕಿಗೆ ಹಿಡಿದು, “ಈಗ ಹೊಡೀರಿ” ಎಂದ. ಅರ್ಧ ವೋಲ್ಟಿನೊಳಗೆ ಇರಬೇಕಾದದ್ದು 2.4 ತೋರಿಸಿತು, ಅಂದರೆ ಅಷ್ಟು ವೋಲ್ಟ್ ಕರೆಂಟು ವಾಪಸ್ ಬರುವ ದಾರಿಯಲ್ಲೇ ಹೋಗುತ್ತಿತ್ತು. ಅಷ್ಟರಲ್ಲಿ ಆತ ಆಕ್ಸಿಲರೇಟರ್ ಕೇಬಲ್ಲಿನ ಮೇಲೆ ಕೈಯಿಟ್ಟು ಸಟ್ಟನೆ ಹಿಂದೆಗೆದ. ನಾನೂ ಮುಟ್ಟಿ ನೋಡಿದೆ, ಕಾದಿತ್ತು. ಇಂಜಿನು ರಬ್ಬರಿನ ಮೇಲೆ ಕೂತಿರುವುದರಿಂದ ಅದಕ್ಕೂ ಚಾಸಿಗೂ ನಡುವೆ ಅರ್ತ್ ಪಟ್ಟಿ, ಅಂದರೆ ಕರೆಂಟು ಬ್ಯಾಟರಿಗೆ ವಾಪಸ್ ಹೋಗುವ ತಾಮ್ರದ ಪಟ್ಟಿ, ಬೇಕು. ಆ ದಾರಿ ಕೆಟ್ಟಾಗ ಸೆಲ್ಫಿನ ಕರೆಂಟು ಆಕ್ಸಿಲರೇಟರ್ ಕೇಬಲ್ಲಿನ ಮೂಲಕ ವಾಪಸ್ ಹೋಗಲು ನೋಡುತ್ತಿತ್ತು. ನಿಮ್ಮ ಹೊಸ ಹೀಟರ್‌ಗಳಿಗೂ ಅದೇ ಬ್ಲಾಕಿನಿಂದಲೇ ಅರ್ತ್. ಅವೂ ಸರಿಯಾಗಿ ಕಾಯುತ್ತಿರಲಿಲ್ಲ.

ಜಂಪರ್ ಕೇಬಲ್ ತಂದು ಬ್ಯಾಟರಿಯ ಮೈನಸ್‌ನಿಂದ ನೇರ ಇಂಜಿನಿಗೆ ಕಚ್ಚಿಸಿದ. ಇಂಜಿನು ತಿರುಗಿದ ರಭಸಕ್ಕೆ ಬೋನೆಟ್ಟಿನ ಮೇಲೆ ಕೂತಿದ್ದ ಬೆಕ್ಕು ಹಾರಿ ಓಡಿತು. ಜೀಪು ಹಿಡಿಯಿತು.

ಕೆಳಗೆ ಮಲಗಿ ಪಟ್ಟಿ ಬಿಚ್ಚಿದಾಗ ಚಾಸಿಯ ಕಡೆಯ ಬೋಲ್ಟಿನ ಸುತ್ತ ಹಸಿರು-ನೀಲಿ ಪುಡಿ ಕಟ್ಟಿತ್ತು. ನೆಯ್ದ ತಾಮ್ರದ ಎಳೆಗಳಲ್ಲಿ ಹತ್ತು ಹನ್ನೆರಡು ಮಾತ್ರ ಉಳಿದಿದ್ದವು, ಬಾಕಿಯವು ಮುಟ್ಟಿದರೆ ಬೂದಿಯ ಹಾಗೆ ಉದುರಿದವು. ಇದರಲ್ಲಿ ನನ್ನ ಪಾಲೂ ಇದೆ ಎಂದು ಒಪ್ಪುತ್ತೇನೆ. ಈ ಜೀಪಿನಲ್ಲಿ ವರ್ಷ ವರ್ಷ ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ಮದ್ದಿನ ಡ್ರಮ್ಮು ಹೊರುತ್ತೇನೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಗುಡ್ಡೆಯ ದಾರಿಯಲ್ಲಿ ಫೋರ್ ವೀಲ್ ಹಾಕಿ ಹತ್ತುವಾಗ ಮೈಲುತುತ್ತಿನ ನೀರು ಚೆಲ್ಲಿ ಪ್ಲಾಟ್‌ಫಾರ್ಮಿನ ತೂತಿನಿಂದ ಚಾಸಿಗೆ ಇಳಿಯುತ್ತದೆ. ಅದು ಕಬ್ಬಿಣವನ್ನು ತಿನ್ನುತ್ತದೆ. ಪಟ್ಟಿ ಹಾಳಾದದ್ದಕ್ಕೆ ನಿಮ್ಮನ್ನು ದೂರುವುದಿಲ್ಲ. ಮೂರು ಸಲ ಗಾಡಿ ನಿಮ್ಮ ರ‍್ಯಾಂಪಿನ ಮೇಲೆ ನಿಂತಿದ್ದರೂ ಒಬ್ಬರೂ ಒಂದು ಮೀಟರು ಹಿಡಿದು ನೋಡಲಿಲ್ಲ ಎಂಬುದೇ ನನ್ನ ದೂರು. ಆ ಪರೀಕ್ಷೆಗೆ ಐದು ನಿಮಿಷ ಸಾಕು. ಸೆಲ್ಫ್ ಮೋಟಾರು ಬಿಚ್ಚುವ ಮೊದಲು ಅದನ್ನು ಮಾಡಬೇಕಿತ್ತು.

ಹೊಸ ಪಟ್ಟಿಗೆ 180, ಬೋಲ್ಟು ವಾಷರಿಗೆ 60. ಬಣ್ಣ ಕೆರೆದು, ಬಿಗಿದು, ಮೇಲೆ ಗ್ರೀಸು ಹಚ್ಚಿದೆವು. ಈಗ 2.4 ಇದ್ದದ್ದು 0.2ಕ್ಕೆ ಇಳಿದಿದೆ.

ಹಣಕ್ಕಿಂತ ಹೆಚ್ಚು ನೋಯಿಸಿದ್ದು ಹೋದ ದಿನಗಳು. ಮಳೆಗಾಲಕ್ಕೆ ಮುಂಚೆ ಬಿಟ್ಟ ಮದ್ದಿಗೆ ನಲವತ್ತು ನಲವತ್ತೈದು ದಿನ ಆದಾಗ ಎರಡನೆಯದು ಬೀಳಬೇಕು. ಜುಲೈ 10 ಮತ್ತು 11ರಂದು ಅಪರೂಪಕ್ಕೆ ಮಳೆ ಬಿಟ್ಟಿತ್ತು. ಮರ ಹತ್ತುವವರು ಬಂದು ಅಂಗಳದಲ್ಲಿ ಕೂತಿದ್ದರು, ಜೀಪು ನಿಮ್ಮಲ್ಲಿತ್ತು. ಮೇಲಿನ ತೋಟದಲ್ಲಿ ಈಗ ಕೊಳೆರೋಗ ಹಿಡಿದು ಹಸಿ ಅಡಿಕೆ ಉದುರುತ್ತಿದೆ. ಇದಕ್ಕೆ ನಾನು ಲೆಕ್ಕ ಹಾಕಿಲ್ಲ, ಕೇಳುವುದೂ ಇಲ್ಲ.

ಕೇಳುವುದು ಇಷ್ಟು. ಹಳೆಯ ಬ್ಯಾಟರಿಗೆ ನಾಲ್ಕು ವರ್ಷ ಆಗಿತ್ತು, ಹಾಗಾಗಿ ಹೊಸದರ ಹಣ ನಿಮಗೇ ಇರಲಿ. ಸೆಲ್ಫ್ ಮೋಟಾರು, ಹೀಟರ್, ಕೂಲಿ ಸೇರಿ 12,500 ರೂಪಾಯಿ ವಾಪಸ್ ಕೊಡಬೇಕು. ನೀವು ಹಾಕಿದ ಸೆಲ್ಫ್ ರೀಕಂಡೀಶನ್ (ಹಳೆಯದನ್ನು ರಿಪೇರಿ ಮಾಡಿದ) ಮಾಲು; ನನ್ನ ಹಳೆಯ ಲೂಕಾಸ್ ಟಿವಿಎಸ್ ಕಂಪೆನಿಯ ಸೆಲ್ಫ್ ಕೆಟ್ಟಿತ್ತೆಂದು ಯಾರೂ ತೋರಿಸಿಲ್ಲ, ಬಿಚ್ಚಿದ್ದನ್ನು ಕೊಡಲೂ ಇಲ್ಲ. ಕೇಳಿದ್ದಕ್ಕೆ ‘ಗುಜರಿಗೆ ಹೋಯಿತು’ ಎಂದರು. ನನ್ನನ್ನು ಕೇಳದೆ ನನ್ನ ಮಾಲು ಗುಜರಿಗೆ ಹೋಗುವುದು ಹೇಗೆ? ಅದು ನನಗೆ ಬೇಕು. ಕೊಟ್ಟರೆ ನಿಮ್ಮದನ್ನು ಬಿಚ್ಚಿ ನಾನೇ ತಂದೊಪ್ಪಿಸುತ್ತೇನೆ.

ಈ ಪತ್ರ ಸಿಕ್ಕಿದ 15 ದಿನದೊಳಗೆ ಬರಹದಲ್ಲಿ ಉತ್ತರ ಬೇಕು, ಕನ್ನಡದಲ್ಲಾದರೂ ಸರಿ, ಮಲೆಯಾಳದಲ್ಲಾದರೂ ಸರಿ, ಓದುತ್ತೇನೆ. ಬಾರದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಂತೆ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕ ಆಯೋಗಕ್ಕೆ ಕೊಡುತ್ತೇನೆ. ಹಳೆಯ ಸೆಲ್ಫ್ ಕಳಿಸುವುದಾದರೆ ಬದಿಯಡ್ಕದ ಮೇಲೆ ಪೆರ್ಲಕ್ಕೆ ಬರುವ ಯಾವ ಬಸ್ಸಿನಲ್ಲಿ ಹಾಕಿದರೂ ಆಗುತ್ತದೆ, ಒಂದು ಫೋನ್ ಮಾಡಿ. ಸ್ಟ್ಯಾಂಡಿಗೆ ನಾನೇ ಬಂದು ಇಳಿಸಿಕೊಳ್ಳುತ್ತೇನೆ.

ಇಂತಿ,
ಜೀಪಿನ ಮಾಲಕ

ಲಗತ್ತು: ಎರಡು ಬಿಲ್ಲು, ಒಂದು ಎಸ್ಟಿಮೇಟ್, ಜಾಬ್ ಕಾರ್ಡಿನ ಪ್ರತಿ, ತುಂಡಾದ ಅರ್ತ್ ಪಟ್ಟಿಯ ಫೋಟೋ. ಪಟ್ಟಿ ನನ್ನ ಹತ್ತಿರವೇ ಇದೆ.