ಬೆಲೆ 10 ಡಾಲರ್, ಕೈಗೆ ಬರುವುದು 3

ಮಾನ್ಯ ಸಂಪಾದಕರೇ,

ಒಬ್ಬಿಬ್ಬರು ಸೇರಿ ಮಾಡಿದ ಗೇಮ್ ಲಕ್ಷಗಟ್ಟಲೆ ಪ್ರತಿ ಮಾರಾಟವಾಯಿತು ಎಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಪ್ರತಿಗಳ ಸಂಖ್ಯೆಯನ್ನು ಬೆಲೆಯಿಂದ ಗುಣಿಸಿ, ಅಷ್ಟೂ ಹಣ ಅವರ ಜೇಬಿಗೇ ಹೋಯಿತೆಂಬಂತೆ ಬರೆಯುತ್ತಾರೆ. ಅದನ್ನು ಓದಿ ಕೆಲಸ ಬಿಡಲು ಹೊರಟವರಿಗೆ ಉಳಿದ ಲೆಕ್ಕವೂ ಗೊತ್ತಿರಬೇಕು.

10 ಡಾಲರಿನ ಗೇಮ್ ಸ್ಟೀಮ್ ಎಂಬ ಆನ್‌ಲೈನ್ ಗೇಮ್ ಮಳಿಗೆಯಲ್ಲಿ 1,000 ಪ್ರತಿ ಹೋಯಿತು ಎಂದಿಟ್ಟುಕೊಳ್ಳಿ. ರಿಯಾಯಿತಿ ಮಾರಾಟವಿರುತ್ತದೆ, ಕೆಲವು ದೇಶಗಳಲ್ಲಿ ಬೆಲೆಯೇ ಕಡಿಮೆ. ಹಾಗಾಗಿ ಸರಾಸರಿ 6 ಡಾಲರ್ ಹಿಡಿದರೆ 6,000. ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದವರು ಹಣ ವಾಪಸ್ ಪಡೆಯಬಹುದು. ನೂರು ಪ್ರತಿ ಹಾಗೆ ಮರಳಿದರೆ 5,400. ಹಲವು ದೇಶಗಳ ಬೆಲೆಯೊಳಗೇ ಸೇರಿರುವ ಮಾರಾಟ ತೆರಿಗೆ 500 ಎಂದುಕೊಂಡರೆ 4,900. ಅದರಲ್ಲಿ ಸ್ಟೀಮ್‌ನ ಪಾಲು ಶೇ 30, ಅಂದರೆ 1,470. ಉಳಿದ 3,430ರಲ್ಲಿ ಶೇ 40 ಅಮೆರಿಕದ ಮಾರಾಟದ್ದಾಗಿದ್ದು, ಡೆವಲಪರ್ ಇರುವ ದೇಶಕ್ಕೂ ಅಮೆರಿಕಕ್ಕೂ ತೆರಿಗೆ ಒಪ್ಪಂದವಿಲ್ಲದಿದ್ದರೆ, ಆ ಭಾಗದ ಮೇಲೆ ಶೇ 30 ಮೂಲದಲ್ಲೇ ಮುರಿದುಕೊಳ್ಳುತ್ತಾರೆ. ಅದು 412. ಕೊನೆಗೆ ಉಳಿಯುವುದು 3,018. (ಒಪ್ಪಂದವಿದ್ದರೂ ತೆರಿಗೆ ನಮೂನೆಯಲ್ಲಿ ಅದನ್ನು ಸರಿಯಾಗಿ ನಮೂದಿಸಿದರೆ ಮಾತ್ರ ಕಡಿತ ಇಳಿಯುತ್ತದೆ.) ಇಬ್ಬರು ಎರಡು ವರ್ಷ ದುಡಿದಿದ್ದರೆ ಒಬ್ಬೊಬ್ಬರಿಗೆ ತಿಂಗಳಿಗೆ 63 ಡಾಲರ್ ಸಿಕ್ಕ ಹಾಗಾಯಿತು. ತಮ್ಮ ದೇಶದ ಆದಾಯ ತೆರಿಗೆ ಇನ್ನೂ ಬಾಕಿ.

ಸಾಫ್ಟ್‌ವೇರಿಗೆ ಹೆಚ್ಚು ಖರ್ಚಿಲ್ಲ. ಗೇಮ್ ಕಟ್ಟಲು ಬಳಸುವ ಸಾಫ್ಟ್‌ವೇರ್‌ಗಳಲ್ಲಿ (ಎಂಜಿನ್) ಗೋಡೋ ಪೂರ್ತಿ ಉಚಿತ. ಅನ್‌ರಿಯಲ್ ಒಂದು ಗೇಮಿನ ಒಟ್ಟು ಗಳಿಕೆ 10 ಲಕ್ಷ ಡಾಲರ್ ದಾಟಿದ ಮೇಲಷ್ಟೇ ರಾಯಲ್ಟಿ ಕೇಳುತ್ತದೆ. ಒಂದು ಗೇಮನ್ನು ಮಾರಾಟಕ್ಕಿಡಲು ಸ್ಟೀಮ್‌ಗೆ ಕಟ್ಟುವ 100 ಡಾಲರ್ ಕೂಡ, ಗೇಮ್ 1,000 ಡಾಲರ್ ಗಳಿಸಿದರೆ ವಾಪಸ್ ಬರುತ್ತದೆ. ನಿಜವಾದ ಖರ್ಚು ಎಂದರೆ ಅಷ್ಟೂ ತಿಂಗಳ ಬಾಡಿಗೆ, ಊಟ, ಔಷಧಿ. ಆದ್ದರಿಂದ ಉಳಿತಾಯವನ್ನು ತಿಂಗಳ ಖರ್ಚಿನಿಂದ ಭಾಗಿಸಿ, ಎಷ್ಟು ತಿಂಗಳಿಗೆ ಸಾಕಾಗುತ್ತದೆ ನೋಡಿ. ಗೇಮಿಗೆ 12 ತಿಂಗಳು ಸಾಕು ಅನ್ನಿಸಿದರೆ 18 ಎಂದು ಬರೆದುಕೊಳ್ಳಿ. ಆಟ ಆಡುವಂತಾದ ಮೇಲೂ ಕೆಲಸ ಮುಗಿದಿರುವುದಿಲ್ಲ: ಸೇವ್ ಫೈಲ್ ಕೆಡುತ್ತದೆ, ಕಂಟ್ರೋಲರ್‌ನಲ್ಲಿ ಮೆನು ಸಿಕ್ಕಿಹಾಕಿಕೊಳ್ಳುತ್ತದೆ, ಜರ್ಮನ್ ಅನುವಾದದ ಉದ್ದನೆಯ ಪದ ಬಟನ್ನಿನಿಂದ ಹೊರಗೆ ಚಾಚುತ್ತದೆ. ಬಿಡುಗಡೆಯ ನಂತರ ಹಣವೂ ತಕ್ಷಣ ಬರುವುದಿಲ್ಲ. ಒಂದು ತಿಂಗಳ ಮಾರಾಟದ ಹಣ ಮುಂದಿನ ತಿಂಗಳ ಕೊನೆಗೆ ಬರುವುದರಿಂದ, 1ನೇ ತಾರೀಖು ಬಿಡುಗಡೆ ಮಾಡಿದವರು ಹತ್ತಿರಹತ್ತಿರ 60 ದಿನ ಕಾಯಬೇಕು.

ಹೆಚ್ಚು ಮಂದಿ ಮುಗ್ಗರಿಸುವುದು ಗೇಮಿಗೆ ಹಣ ಹಾಕಿ ಮಾರಾಟ ನೋಡಿಕೊಳ್ಳುವ ಪ್ರಕಾಶಕರ ಜೊತೆಗಿನ ಒಪ್ಪಂದದಲ್ಲಿ. ಮುಂಗಡ 50,000 ಡಾಲರ್, ಆದಾಯ ಅರ್ಧರ್ಧ ಎಂದು ಓದಿದರೆ ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮುಂಗಡವನ್ನು ಯಾವುದರಿಂದ ಮುರಿದುಕೊಳ್ಳುತ್ತಾರೆ? ಬಂದ ಒಟ್ಟು ಹಣದಿಂದಲಾದರೆ 50,000 ಬಂದಾಗಲೇ ಸಾಲ ತೀರಿ, ಮುಂದಿನ ಡಾಲರಿನಲ್ಲಿ ಅರ್ಧ ನಿಮ್ಮದು. ನಿಮ್ಮ ಪಾಲಿನಿಂದ ಮಾತ್ರ ಎಂದಿದ್ದರೆ ಒಂದು ಲಕ್ಷ ಬರುವವರೆಗೂ ನಿಮಗೆ ಬಿಡಿಗಾಸೂ ಇಲ್ಲ. ಅಷ್ಟರಲ್ಲಿ ಪ್ರಕಾಶಕರ ಕೈಗೆ ಮುಂಗಡ ಪೂರ್ತಿ ವಾಪಸ್ ಬಂದು, ಮೇಲೆ 50,000 ಲಾಭವೂ ಸೇರಿರುತ್ತದೆ. ವ್ಯತ್ಯಾಸವಿರುವುದು ಒಂದೇ ವಾಕ್ಯದಲ್ಲಿ. ಜಾಹೀರಾತಿನ ಖರ್ಚನ್ನೂ ಮುಂಗಡಕ್ಕೆ ಸೇರಿಸುತ್ತಾರೆಯೇ, ಅದಕ್ಕೆ ಮಿತಿ ಇದೆಯೇ ಎಂದು ಸಹಿಗೆ ಮುಂಚೆಯೇ ಕೇಳಿ. ವಕೀಲರಿಗೆ ತೋರಿಸುವ ಫೀಸನ್ನು ಯಾರೂ ಉಳಿಸಲು ಹೋಗಬಾರದು.

ಸ್ಟೀಮ್‌ನಲ್ಲಿ ಗೇಮಿನ ಸ್ಟೋರ್ ಪುಟವನ್ನು ಬಿಡುಗಡೆಗೆ ಎರಡು ವಾರ ಇರುವಾಗ ತೆರೆದರೂ ನಿಯಮ ಒಪ್ಪುತ್ತದೆ, ಆದರೆ ಅಷ್ಟರಲ್ಲಿ ವಿಶ್‌ಲಿಸ್ಟ್ (ಮುಂದೆ ಕೊಳ್ಳಲು ಗುರುತಿಟ್ಟುಕೊಂಡವರ ಪಟ್ಟಿ) ಬೆಳೆಯುವುದಿಲ್ಲ. ಬಿಡುಗಡೆಯ ದಿನ ಇಮೇಲ್ ಹೋಗುವುದು ಆ ಪಟ್ಟಿಯಲ್ಲಿರುವವರಿಗೆ. ಬರಲಿರುವ ಗೇಮ್‌ಗಳ ಉಚಿತ ಮಾದರಿಗಳನ್ನು (ಡೆಮೊ) ಆಡಿಸುವ ಸ್ಟೀಮ್‌ನ ಉತ್ಸವ ನೆಕ್ಸ್ಟ್ ಫೆಸ್ಟ್‌ಗೆ ಒಂದು ಗೇಮಿಗೆ ಒಂದೇ ಸಲ ಪ್ರವೇಶ. ಅರೆಬೆಂದ ಡೆಮೊ ತೆಗೆದುಕೊಂಡು ಹೋದರೆ ಅವಕಾಶ ಅಲ್ಲಿಗೇ ಮುಗಿಯಿತು.

ಇನ್ನು ಮುಂದೆ ಇಂಥ ಯಶಸ್ಸಿನ ಸುದ್ದಿ ಬರೆಯುವಾಗ ಎಷ್ಟು ಜನ, ಎಷ್ಟು ತಿಂಗಳು ದುಡಿದರು, ಕಡಿತವೆಲ್ಲ ಹೋಗಿ ಕೈಗೆ ಎಷ್ಟು ಬಂತು ಎಂಬ ಮೂರು ಪ್ರಶ್ನೆಗಳನ್ನು ನಿಮ್ಮ ವರದಿಗಾರರು ಕೇಳಿ ಪ್ರಕಟಿಸಬೇಕೆಂದು ವಿನಂತಿ.

– ಒಬ್ಬ ಗೇಮ್ ಡೆವಲಪರ್